ಪ್ರತಿಕ್ರಿಯೆ: ಫ್ರಾಗ್ಮೆಂಟ್ (ವಿಡಿಯೊ ತುಂಡು) 2 ಸೆಕೆಂಡ್ ಇಟ್ಟರೂ ಲೈವ್ 25 ಸೆಕೆಂಡ್ ತಡ, ಡ್ಯಾಶ್‌ಗೆ ಹೋಗಲೇ?

ತಪ್ಪು ನೀವು ಈಗ ಬಳಸುತ್ತಿರುವ ಎಚ್‌ಎಲ್‌ಎಸ್‌ನದ್ದಲ್ಲ (ಲೈವ್ ವಿಡಿಯೊವನ್ನು ತುಂಡು ತುಂಡಾಗಿ ಕಳಿಸುವ ವಿಧಾನ; ಡ್ಯಾಶ್ ಅಂಥದ್ದೇ ಇನ್ನೊಂದು), ಬಹುಶಃ ಕೀಫ್ರೇಮ್‌ನದ್ದು, ಅಂದರೆ ಪೂರ್ತಿ ಚಿತ್ರವನ್ನು ಹೊತ್ತ ಫ್ರೇಮ್‌ನದ್ದು. ಎನ್‌ಜಿನ್ಎಕ್ಸ್ ಸರ್ವರ್‌ನ ಆರ್‌ಟಿಎಂಪಿ ಮಾಡ್ಯೂಲ್ (ಲೈವ್ ಪಡೆದು ತುಂಡು ಮಾಡುವ ಭಾಗ) ವಿಡಿಯೊವನ್ನು ಕೀಫ್ರೇಮ್ ಬಂದಲ್ಲಿ ಮಾತ್ರ ಕತ್ತರಿಸುತ್ತದೆ. ಲೈವ್ ಕಳಿಸುವ ಒಬಿಎಸ್ ತಂತ್ರಾಂಶದಲ್ಲಿ ಕೀಫ್ರೇಮ್ ಇಂಟರ್ವಲ್ (ಎರಡು ಕೀಫ್ರೇಮ್ ನಡುವಿನ ಅಂತರ) 0 ಎಂದಿದ್ದರೆ ಅದರ ಎಕ್ಸ್264 ಎನ್‌ಕೋಡರ್ ಗರಿಷ್ಠ 250 ಫ್ರೇಮ್‌ವರೆಗೂ ಕಾಯುತ್ತದೆ. 30 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 30 ಫ್ರೇಮ್) ಅದು 8.3 ಸೆಕೆಂಡ್. ಪ್ಲೇಯರ್ ಸಾಮಾನ್ಯವಾಗಿ ಮೂರು ತುಂಡು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೆ ನಿಮ್ಮ 25 ಸೆಕೆಂಡ್ ಲೆಕ್ಕ ಸಿಕ್ಕಿತು.

ಮೊದಲು ತುಂಡುಗಳ ಪಟ್ಟಿಯಿರುವ ಎಂ3ಯು8 ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ತುಂಡಿನ ಉದ್ದ ಹೇಳುವ ಇಎಕ್ಸ್‌ಟಿಐಎನ್ಎಫ್ ಸಾಲುಗಳಲ್ಲಿ 8.333 ಥರದ ಅಂಕಿ ಕಂಡರೆ ಇದೇ ಕಾರಣ. 2 ಎಂದೇ ಇದ್ದರೆ ಪ್ಲೇಯರ್‌ನ ಬಫರ್ (ಮುಂಚೆಯೇ ತುಂಬಿಟ್ಟುಕೊಳ್ಳುವ ವಿಡಿಯೊ) ನೋಡಬೇಕು. ಯಾವ ಪ್ಲೇಯರ್ ಅಂತ ನೀವು ಬರೆದಿಲ್ಲ.

ಆಮೇಲೆ ಒಬಿಎಸ್‌ನ ಸೆಟ್ಟಿಂಗ್ಸ್, ಔಟ್‌ಪುಟ್, ಅಡ್ವಾನ್ಸ್ಡ್‌ಗೆ ಹೋಗಿ ಇಂಟರ್ವಲ್ 2 ಮಾಡಿ, ಸ್ಟ್ರೀಮ್ ನಿಲ್ಲಿಸಿ ಮತ್ತೆ ಶುರುಮಾಡಿ. ತಡ ಸುಮಾರು 6–8 ಸೆಕೆಂಡಿಗೆ ಇಳಿಯಬೇಕು. ಆಸೆಬಿದ್ದು 1ಕ್ಕೆ ಇಳಿಸಬೇಡಿ: ಕೀಫ್ರೇಮ್‌ಗಳೇ ಬಿಟ್‌ರೇಟ್ ನುಂಗಿ ಚಿತ್ರ ಮಸುಕಾಗುತ್ತದೆ, ನಿಧಾನದ ಮೊಬೈಲ್ ನೆಟ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ.

ಡ್ಯಾಶ್‌ಗೆ ಹೋದರೂ ತುಂಡಿನ ಉದ್ದ ಇದೇ ಇದ್ದರೆ ತಡವೂ ಇಷ್ಟೇ. ಮೇಲಾಗಿ ಐಫೋನ್‌ನ ಸಫಾರಿ ಅದನ್ನು ನೇರವಾಗಿ ಪ್ಲೇ ಮಾಡುವುದಿಲ್ಲ. ಹರಾಜಿನಂಥದ್ದಕ್ಕೆ ಒಂದು ಸೆಕೆಂಡಿಗಿಂತ ಕಡಿಮೆಯೇ ಬೇಕಿದ್ದರೆ ವೆಬ್‌ಆರ್‌ಟಿಸಿ (ವಿಡಿಯೊ ಕಾಲ್‌ಗೆ ಬಳಸುವಂಥ ತಂತ್ರ) ನೋಡಿ, ಆದರೆ ಮಾಮೂಲಿ ಸಿಡಿಎನ್ ಕ್ಯಾಶ್ (ಹಲವೆಡೆಯ ಸರ್ವರ್‌ಗಳಲ್ಲಿ ಇಟ್ಟ ಪ್ರತಿ) ಅಲ್ಲಿ ನೆರವಿಗೆ ಬರುವುದಿಲ್ಲ. ನೋಡುಗರು ಹೆಚ್ಚಿದಷ್ಟೂ ಸರ್ವರ್ ಖರ್ಚು ಏರುತ್ತದೆ.