ವಿಮಾನದ ಅಷ್ಟು ತೆಳು ತಗಡು ಒಳಗಿನ ಗಾಳಿಯ ಒತ್ತಡವನ್ನು ಹೇಗೆ ತಾಳಿಕೊಳ್ಳುತ್ತದೆ?

ಕಾರವಾರದ ಕಡಲತೀರದಲ್ಲಿ ಇಟ್ಟಿರುವ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ನೋಡಿದ ಮೇಲೆ ಈ ಪ್ರಶ್ನೆ ಬಂತು ಅಂತ ಬರೆದಿದ್ದೀರಿ. ಇದೇ ಲೆಕ್ಕ ನನ್ನ ದಿನದ ಕೆಲಸ. ಊರು ಶಿರಸಿ ಹತ್ತಿರ, ಹಾಗಾಗಿ ನಮ್ಮ ತೋಟದಿಂದಲೇ ಶುರು ಮಾಡುತ್ತೇನೆ.

ಅಡಿಕೆ ತೋಟಕ್ಕೆ ನೀರು ಬಿಡುವ ಕಪ್ಪು ಪೈಪು ಒತ್ತಡಕ್ಕೆ ಒಡೆದದ್ದು ನೋಡಿದ್ದೀರಾ? ಹೆಚ್ಚಾಗಿ ಉದ್ದಕ್ಕೇ ಸೀಳುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಕತ್ತರಿಸಿ ತೆಗೆದ ತುಂಡಿನಲ್ಲಿ ಸೀಳು ಗೇಣುದ್ದ ಇತ್ತು, ಗೆರೆ ಎಳೆದಷ್ಟು ನೇರ. ಕೊಳವೆಯೊಳಗೆ ಒತ್ತಡ ತುಂಬಿದಾಗ ಅದರ ಗೋಡೆಯನ್ನು ಸುತ್ತಲೂ ಎಳೆಯುವ ಬಲ, ಉದ್ದಕ್ಕೆ ಎಳೆಯುವುದರ ಎರಡು ಪಟ್ಟು. ವಿಮಾನದ ಒಡಲೂ ಒಂದು ಕೊಳವೆಯೇ ಅಲ್ವಾ?

11 ಕಿ.ಮೀ. ಎತ್ತರದಲ್ಲಿ ಒಳಗಿನ ಗಾಳಿ ಪ್ರತಿ ಚದರ ಮೀಟರ್ ತಗಡನ್ನು ಸುಮಾರು 5 ಟನ್ ಭಾರದಷ್ಟು ಹೊರಕ್ಕೆ ನೂಕುತ್ತದೆ. ತಗಡನ್ನು ಸುತ್ತಲೂ ಎಳೆಯುವ ಎಳೆತ ಎಷ್ಟು ಅಂತ ತಿಳಿಯಲು ಒತ್ತಡವನ್ನು ಒಡಲಿನ ತ್ರಿಜ್ಯದಿಂದ ಗುಣಿಸಿ ತಗಡಿನ ದಪ್ಪದಿಂದ ಭಾಗಿಸಿ. ಬೋಯಿಂಗ್ 737ರಂಥ ವಿಮಾನ, 1 ಮಿ.ಮೀ. ಆಸುಪಾಸಿನ ತಗಡು ಅಂದರೆ ಸುಮಾರು 100 ಮೆಗಾಪಾಸ್ಕಲ್ (ಇಂಥ ಎಳೆತವನ್ನು ಅಳೆಯುವ ಮಾನ) ಬರುತ್ತದೆ. ಆ ಅಲ್ಯೂಮಿನಿಯಂ ಹರಿದುಹೋಗಬೇಕಾದರೆ 400ಕ್ಕಿಂತ ಜಾಸ್ತಿ ಬೇಕು. ಒಂದು ಹಾರಾಟಕ್ಕೆ ಇದು ಏನೂ ಅಲ್ಲ. ಸಾವಿರ ಸಾವಿರ ಸಲ ಉಬ್ಬಿ ಇಳಿಯುತ್ತದಲ್ಲ, ನಮಗೆ ನಿದ್ದೆ ಕೆಡಿಸುವುದು ಅದು.

1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಪ್ರಯಾಣಿಕ ಜೆಟ್ ವಿಮಾನಗಳು ಇಟಲಿ ಬಳಿಯ ಸಮುದ್ರದ ಮೇಲೆ ಗಾಳಿಯಲ್ಲೇ ಒಡೆದುಹೋದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಅಂಥದೇ ಒಂದರ ಒಡಲನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒತ್ತಡ ಏರಿಸಿ ಇಳಿಸಿ ನೋಡಿದರು. ಮೊದಲಿನ ಹಾರಾಟವೂ ಸೇರಿ ಸುಮಾರು 3000 ಸಲಕ್ಕೆ ಅದು ಕಿಂಡಿಯ ಮೂಲೆಯಿಂದ ಸೀಳಿತು. ಚೂಪು ಮೂಲೆಯಲ್ಲಿ ಎಳೆತ ಹಲವು ಪಟ್ಟು ಏರುತ್ತದೆ. ಈಗಿನ ಕಿಟಕಿಗಳ ಮೂಲೆ ದುಂಡಗಿರುವುದು ಇದಕ್ಕೇ. ನಮ್ಮ ಅಪ್ಪಯ್ಯ ಪ್ಲಾಸ್ಟಿಕ್ ಬಕೆಟ್ ಸೀಳಿದಾಗ ಸೀಳಿನ ತುದಿಗೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡುತ್ತಿದ್ದರು. ಅಲ್ಲಿಗೆ ಸೀಳು ನಿಲ್ಲುತ್ತಿತ್ತು. ಅದೂ ಇದೇ ವಿದ್ಯೆ. ಓದುವಾಗ ಈ ಪಾಠ ಬಂದ ದಿನ ನನಗೆ ಆ ಬಕೆಟ್ಟೇ ಕಣ್ಣಮುಂದೆ ಬಂತು.

ಕರಾವಳಿಯವರಿಗೆ ಇನ್ನೊಂದು ವಿಷಯ ಹೇಳಲೇಬೇಕು, ಉಪ್ಪು ಗಾಳಿ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್‌ನ 737 ಒಂದರ ಚಾವಣಿ ಹಾರಾಟದಲ್ಲೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ದ್ವೀಪದಿಂದ ದ್ವೀಪಕ್ಕೆ ಸುಮಾರು 89,000 ಸಲ ಹಾರಿದ್ದ ವಿಮಾನ ಅದು. ತಗಡು ತಗಡು ಸೇರುವ ಕಡೆ ಅಂಟು ಬಿಟ್ಟು, ತುಕ್ಕು ಹಿಡಿದು, ರಿವೆಟ್ (ತಗಡುಗಳನ್ನು ಜೋಡಿಸುವ ಮೊಳೆ) ತೂತುಗಳಿಂದ ಸಣ್ಣ ಸಣ್ಣ ಬಿರುಕು ಎದ್ದು ಒಂದಕ್ಕೊಂದು ಕೂಡಿಕೊಂಡಿದ್ದವು. ಹಾಗಾಗಿ ಬಿರುಕು ಬರುತ್ತದೆ ಅಂತಲೇ ಇಟ್ಟುಕೊಂಡು ನಾವು ಲೆಕ್ಕ ಹಾಕುತ್ತೇವೆ. ಅದು ಎಷ್ಟು ಹಾರಾಟಕ್ಕೆ ಎಷ್ಟು ಬೆಳೆಯುತ್ತದೆ, ಅಷ್ಟರೊಳಗೆ ಎಷ್ಟು ಸಲ ತಪಾಸಣೆ ಆಗಬೇಕು ಅನ್ನುವುದು ಅದರಿಂದಲೇ ತೀರ್ಮಾನ.

ಮತ್ತೆ ಟುಪೊಲೆವ್ ಹತ್ತಿರ ಹೋದರೆ ರಿವೆಟ್ ಸಾಲುಗಳನ್ನು ನಿಧಾನವಾಗಿ ನೋಡಿ. ಅವುಗಳ ಹಿಂದೆ ಬಳೆಯಂಥ ಚೌಕಟ್ಟು, ಉದ್ದುದ್ದ ಪಟ್ಟಿ ಇವೆ. ತಗಡಿನ ಜೊತೆ ಭಾರ ಹೊರುವುದು ಅವೇ.