ಬರೆ ಜರಿಸಿದ್ದು ಮಳೆಯೋ ದೇವರೋ?

ಪ್ರಶ್ನೆ: ಸರ್, 2018ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿದು ಕಾಫಿ ತೋಟದ ಒಂದು ಭಾಗವೇ ಹೊಳೆಪಾಲಾಯಿತು. ನೋಡಲು ಬಂದವರು, ಇಳಿಜಾರು ಕಡಿದು ರಸ್ತೆ ಮಾಡಿದ್ದರಿಂದ ಹೀಗಾಯಿತು ಎಂದರು. ನಮ್ಮ ದೊಡ್ಡಪ್ಪ ಮಾತ್ರ ಇಂದಿಗೂ 'ಅದು ದೇವರ ಶಿಕ್ಷೆ' ಎನ್ನುತ್ತಾರೆ. ಯಾವುದು ನಿಜ? ಕ್ರೈಸ್ತ ತತ್ತ್ವಶಾಸ್ತ್ರ ಪಾಠ ಹೇಳಿದವರು ನೀವು, ಹೇಳಿ.
— ಓದುಗರೊಬ್ಬರು, ಮಾದಾಪುರ

ಉತ್ತರ: ದೊಡ್ಡಪ್ಪನವರ ಮಾತನ್ನು ಆಮೇಲೆ ನೋಡೋಣ. 'ಯಾವುದು ನಿಜ' ಎಂದು ನೀವು ಕೇಳಿದ್ದೀರಲ್ಲ, ತೊಡಕಿರುವುದು ಅಲ್ಲೇ. ದೇವರನ್ನೂ ಮಳೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಕೆಲಸ ಮಾಡಿದವರು ಯಾರು ಎಂದು ಕೇಳಿದಂತಾಯಿತು.

ನಮ್ಮ ತೋಟದವರ ಮಾತನ್ನೇ ಗಮನಿಸಿ. ಮಾರ್ಚ್‌ನಲ್ಲಿ ಹೂಮಳೆ ಸರಿಯಾಗಿ ಬಿದ್ದರೆ 'ದೇವರು ಕೈಬಿಡಲಿಲ್ಲ' ಎನ್ನುತ್ತೇವೆ. ಮಳೆ ಕೈಕೊಟ್ಟು, ಕೆರೆಗೆ ಮೋಟಾರ್ ಇಟ್ಟು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಯಿಸಿದರೆ, ಅದೇ ಗಿಡ ವಾರ ಹತ್ತು ದಿನದಲ್ಲಿ ಅದೇ ಬಿಳಿ ಹೂ ಬಿಡುತ್ತದೆ. ಆಗ ದೇವರ ಹೆಸರು ಬರುವುದಿಲ್ಲ, ಡೀಸೆಲ್ ಖರ್ಚಿನ ಮಾತು ಬರುತ್ತದೆ! ಅಂದರೆ ನಮ್ಮ ಕೈಗೆ ಸಿಗದ ಕೆಲಸಕ್ಕಷ್ಟೇ ದೇವರು ಎಂದಾಯಿತು. ಇದು ಭಕ್ತಿಯಂತೆ ಕಂಡರೂ ದೇವರನ್ನು ಬಹಳ ಚಿಕ್ಕದು ಮಾಡುತ್ತದೆ.

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸ್ ಇದನ್ನು ಬಿಡಿಸಿದ ರೀತಿಯನ್ನು ನಾನು ಒಪ್ಪುತ್ತೇನೆ. ಒಂದು ಕಾರ್ಯದಲ್ಲಿ ಇಷ್ಟು ಪಾಲು ದೇವರದು, ಇಷ್ಟು ಪಾಲು ಪ್ರಕೃತಿಯದು ಎಂದು ಹಂಚುವಂತಿಲ್ಲ. ಇಡೀ ಕಾರ್ಯ ಪ್ರಕೃತಿಯದೂ ಹೌದು, ಇಡಿಯಾಗಿ ದೇವರದೂ ಹೌದು. ಮಣ್ಣು ನೀರು ಕುಡಿದು ಭಾರವಾಗುವುದು, ಬುಡ ಕಡಿದ ಇಳಿಜಾರು ಹಿಡಿತ ತಪ್ಪುವುದು, ಇವು ಸ್ವಂತ ಶಕ್ತಿಯಿಂದಲೇ ಕೆಲಸ ಮಾಡುವ ನಿಜವಾದ ಕಾರಣಗಳು. ಆ ಮಣ್ಣು, ಆ ನೀರು, ಅವುಗಳ ಗುಣ, ಎಲ್ಲಕ್ಕೂ ಆಯಾ ಕ್ಷಣ 'ಇರುವಿಕೆ' ಕೊಡುತ್ತಿರುವವನು ದೇವರು. ಅವನನ್ನು ಮೂಲ ಕಾರಣ ಎಂದರು, ಉಳಿದವನ್ನು ಎರಡನೆಯ ಹಂತದ ಕಾರಣಗಳು ಎಂದರು.

ಇದಕ್ಕೆ ಎದುರು ವಾದವೂ ಇತ್ತು. 1111ರಲ್ಲಿ ತೀರಿಕೊಂಡ ಇಸ್ಲಾಮೀ ಚಿಂತಕ ಅಲ್ ಗಝಾಲಿ, ಹತ್ತಿಯನ್ನು ಸುಡುವುದು ಬೆಂಕಿಯಲ್ಲ, ದೇವರೇ ಎಂದರು. ಭಾರಿ ಬುದ್ಧಿವಂತಿಕೆಯ ವಾದ. ಆದರೆ ವಸ್ತುಗಳಿಗೆ ಸ್ವಂತ ಶಕ್ತಿಯೇ ಇಲ್ಲ ಎಂದರೆ, ಅವನ್ನು ಸೃಷ್ಟಿಸಿದವನ ಶಕ್ತಿಯನ್ನೇ ಕಡಿಮೆ ಮಾಡಿದಂತೆ ಎಂದು ಅಕ್ವಿನಾಸ್ ತಿರುಗಿ ಕೇಳುತ್ತಾರೆ. ನನಗಂತೂ ಆ ಉತ್ತರ ಸಾಕು. ಅಲ್ಲದೆ ಬೆಂಕಿಯೂ ಬರೆಯೂ ಬರೀ ನೆಪವಾದರೆ, ಜೆಸಿಬಿ ತಂದು ಗುಡ್ಡದ ಬುಡ ಕಡಿದವನೂ ನೆಪವೇ ಆಗಿಬಿಡುತ್ತಾನೆ. ಅವನಿಗೆ ಅಷ್ಟು ಸುಲಭದಲ್ಲಿ ಬಿಡುಗಡೆ ಕೊಡಬಾರದು.

ಇನ್ನು ದೊಡ್ಡಪ್ಪ. ಅವರು ಬೈಬಲ್ ಓದುವವರಾದರೆ ಲೂಕನ ಸುವಾರ್ತೆಯ 13ನೇ ಅಧ್ಯಾಯ ತೆರೆದು ಕೊಡಿ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಯೇಸುವೇ ಕೇಳಿ, ಅಲ್ಲ ಎನ್ನುತ್ತಾರೆ. ಅದೇ 2018ರ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಮನೆ ಕಳೆದುಕೊಂಡವರು ಮಡಿಕೇರಿಯಲ್ಲಿ ಬೆಚ್ಚಗಿದ್ದವರಿಗಿಂತ ಪಾಪಿಗಳಾಗಿರಲಿಲ್ಲ.

ಹಾಗಾದರೆ ದೇವರು ತಡೆಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಮೇಲೆ ಹೇಳಿದ್ದು ಆ ಪ್ರಶ್ನೆಗೆ ಉತ್ತರವಲ್ಲ, ಅದು ಕಾರಣಗಳ ಲೆಕ್ಕವಷ್ಟೇ. ತೋಟ ಹೋದವರ ಮುಂದೆ ಕೂತು ಆ ಲೆಕ್ಕ ಒಪ್ಪಿಸುವವನು, ಬೈಬಲಿನಲ್ಲಿ ಎಲ್ಲ ಕಳೆದುಕೊಂಡು ಕೂತ ಯೋಬನ ಮುಂದೆ ವಾದ ಹೂಡಿದ ಅವನ ಗೆಳೆಯರ ಸಾಲಿಗೇ ಸೇರುತ್ತಾನೆ.

ಪ್ರಶ್ನೆ: ಮಹಾಸ್ಫೋಟದಿಂದ ಜಗತ್ತು ಶುರುವಾಯಿತು ಎಂದಮೇಲೆ ದೇವರು ಯಾಕೆ ಬೇಕು?
— ಪಿಯು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಆ ಸಿದ್ಧಾಂತಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ಬೆಲ್ಜಿಯಂನ ಕಥೋಲಿಕ ಪಾದ್ರಿ, ಜಾರ್ಜ್ ಲೆಮೇತ್ರ್, ಗೊತ್ತೇನಮ್ಮಾ? 1927ರಲ್ಲೇ ವಿಶ್ವ ಹಿಗ್ಗುತ್ತಿದೆ ಎಂದು ಬರೆದರು. ಅದನ್ನು ದೇವರಿದ್ದಾನೆ ಎನ್ನಲು ಸಾಕ್ಷಿ ಮಾಡಿಕೊಳ್ಳುವುದು ಅವರಿಗೇ ಇಷ್ಟವಿರಲಿಲ್ಲ. ಜಗತ್ತಿಗೆ ಆರಂಭವೇ ಇರದಿದ್ದರೂ ಅದು ಸೃಷ್ಟಿಯೇ ಆಗಿರಬಹುದಿತ್ತು ಎಂದು ಅಕ್ವಿನಾಸ್ ವಾದಿಸಿದ್ದರು. ಆರಂಭವಿತ್ತು ಎಂಬುದು ಅವರಿಗೆ ವಿಶ್ವಾಸದ ಮಾತು. ಯಾವಾಗ ಶುರುವಾಯಿತು ಎಂದು ಭೌತಶಾಸ್ತ್ರದ ಮೇಡಂ ಹತ್ತಿರ ಕೇಳು. ಏನೂ ಇಲ್ಲದೆ ಇರಬಹುದಾಗಿದ್ದಲ್ಲಿ ಏನಾದರೂ ಯಾಕೆ ಇದೆ ಎಂಬುದಿದ್ದರೆ ನನಗೆ ಬರೆ.