ಫೈಟರ್ ಜೆಟ್ ಅಂದ್ರೆ ಹುಚ್ಚು, ಇದನ್ನೇ ಕೆಲಸ ಮಾಡಿಕೊಳ್ಳೋದು ಹೇಗೆ?

ನಿನ್ನ ಪ್ರಶ್ನೆ ಎರಡು ಸಲ ಓದಿದೆ. ಊರು ಹಾವೇರಿ ಹತ್ತಿರ. ಪಿಯುಸಿ ಮೊದಲ ವರ್ಷ, ಸೈನ್ಸ್. ಹತ್ತನೇ ತನಕ ಕನ್ನಡ ಮೀಡಿಯಂ. ರಫೇಲ್, ಸುಖೋಯ್, ತೇಜಸ್ ಎಲ್ಲದರ ವೇಗ, ತೂಕ, ಕ್ಷಿಪಣಿ ಬಾಯಿಪಾಠ. ಅಪ್ಪನಿಗೆ ಮೂರು ಎಕರೆ ಮೆಣಸಿನಕಾಯಿ ಹೊಲ, ಕೈಯಲ್ಲಿ ದುಡ್ಡಿಲ್ಲ. ಐದನೇ ಕ್ಲಾಸಿನ ತಂಗಿಗೂ ಇದೇ ಹುಚ್ಚು ಹಿಡಿಸಿದ್ದೀಯ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ನಿನಗಿಂತ ಬಹಳ ದೊಡ್ಡವನು ನಾನು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ ತಮ್ಮಾ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಕಣ್ಣಿನ ಡಾಕ್ಟರ್ ಹತ್ತಿರ ಹೋಗು. ಕೋಚಿಂಗ್ ಕ್ಲಾಸ್ ಆಮೇಲೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಗದಗ ತಾಲ್ಲೂಕಿನ ಹಳ್ಳಿಯವನು. ವಾಯುಸೇನೆಯಲ್ಲಿ 20 ವರ್ಷ ಇದ್ದೆ. ಪೈಲಟ್ ಅಲ್ಲ, ಎಂಜಿನ್ ಫಿಟ್ಟರ್. 2022ರಲ್ಲಿ ನಿವೃತ್ತನಾದೆ. ಈಗ ಹುಬ್ಬಳ್ಳಿಯಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ, ಗೋಕುಲ ರೋಡ್ ಕಡೆ ಮನೆ. ಸಂಜೆ ವಿಮಾನ ಇಳಿಯುವ ಸದ್ದು ಕೇಳಿದರೆ ಈಗಲೂ ಚಹಾದ ಕಪ್ಪು ಕೆಳಗಿಟ್ಟು ಹೊರಗೆ ಹೋಗುತ್ತೇನೆ. ಮನೆಯವಳು ನಗುತ್ತಾಳೆ.

ಹುಚ್ಚು ಶುರುವಾದದ್ದು ನಿನ್ನ ಹಾಗೆಯೇ. ಚಿಕ್ಕವನಿದ್ದಾಗ ನಮ್ಮ ಹೊಲದ ಮೇಲೆ ವರ್ಷಕ್ಕೆ ಒಂದೋ ಎರಡೋ ಸಲ ಜೋಡಿ ಫೈಟರ್ ಹಾದುಹೋಗುತ್ತಿದ್ದವು. ಸದ್ದು ಬಂದ ಕಡೆ ತಿರುಗಿದರೆ ಅವು ಅಲ್ಲಿರುತ್ತಿರಲಿಲ್ಲ, ಆಗಲೇ ಕಪ್ಪತಗುಡ್ಡ ದಾಟಿರುತ್ತಿದ್ದವು. ‘ಇಮಾನ ನೋಡಕೋತ ನಿಂತ್ರ ಎತ್ತು ಯಾರು ಹೊಡೀಬೇಕಲೇ’ ಅಂತ ಅಪ್ಪ ಬೈಯುತ್ತಿದ್ದ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ನಮ್ಮದೇ ಹಗುರ ಯುದ್ಧವಿಮಾನ ಮೊದಲ ಸಲ ಹಾರಿತು. ತೇಜಸ್ ಅನ್ನೋ ಹೆಸರು ಅದಕ್ಕೆ ಇನ್ನೂ ಬಂದಿರಲಿಲ್ಲ. ಹಾರಿದ್ದು ಬರೀ 18 ನಿಮಿಷ. ಆ ಸುದ್ದಿಯ ಪೇಪರ್ ಕತ್ತರಿಸಿ ನನ್ನ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ.

ಅದೇ ಸುಮಾರಿಗೆ ಇನ್ನೊಂದು ಸಂಗತಿ ನಡೆಯಿತು. ಅದರ ಬೆಲೆ ಆಗ ಗೊತ್ತಾಗಲಿಲ್ಲ. ನಮ್ಮ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದರು. ಒಂದು ದಿನ ಅದರ ರೆಕ್ಕೆ ಹೊತ್ತ ಉದ್ದನೆಯ ಲಾರಿ ನಮ್ಮೂರ ತಿರುವಿನಲ್ಲಿ ಸಿಕ್ಕಿಕೊಂಡಿತು. ಊರೆಲ್ಲ ಲಾರಿ ನೋಡುತ್ತಿತ್ತು. ನಾನು ರೆಕ್ಕೆ ಮುಟ್ಟುತ್ತಿದ್ದೆ. ಬುಡದಲ್ಲಿ ದಪ್ಪ, ತುದಿಗೆ ತೆಳ್ಳಗೆ. ಒಂದು ಅಂಚು ದುಂಡಗೆ, ಇನ್ನೊಂದು ಕುಡುಗೋಲಿನ ಹಾಗೆ ಚೂಪು. ಬುಡದಿಂದ ತುದಿಯ ತನಕ ಹಗ್ಗ ಹೊಸೆದ ಹಾಗೆ ಸ್ವಲ್ಪ ತಿರುಚಿದ್ದರು. ಯಾಕೆ ತಿರುಚಿದ್ದಾರೆ ಅಂತ ಡ್ರೈವರ್‌ನನ್ನು ಕೇಳಿದೆ. ‘ಸರಿಯೋ ಅತ್ತಾಗ’ ಅಂದ.

ಈಗ ಮೈಸೂರಿನ ಕಥೆ. ಸೇನೆಯ ಅಧಿಕಾರಿಗಳನ್ನು ತಯಾರು ಮಾಡೋ ಅಕಾಡೆಮಿ ಎನ್‌ಡಿಎ. ಅದರ ಪರೀಕ್ಷೆ ಬರೆದೆ, ಪಾಸಾದೆ, ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸೋ ಸಂದರ್ಶನಕ್ಕೆ, ಮೈಸೂರಿಗೆ ಕರೆ ಬಂತು. ಐದು ದಿನ ಇಟ್ಟುಕೊಳ್ಳುತ್ತಾರೆ. ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಗುಂಪಿನಲ್ಲಿ ಚರ್ಚೆ ಮಾಡಿಸುತ್ತಾರೆ, ಹಗ್ಗ ಹಲಗೆ ಕೊಟ್ಟು ಹಳ್ಳ ದಾಟಿಸು ಅನ್ನುತ್ತಾರೆ. ಮಿಗ್-21 ಯುದ್ಧವಿಮಾನದ ಅಂಗಾಂಗ ನನಗೆ ಬಾಯಿಪಾಠವಿತ್ತು. ಅದನ್ನು ಯಾರೂ ಕೇಳಲಿಲ್ಲ. ಪೈಲಟ್ ಆಗಬೇಕು ಅಂದವರಿಗೆ ಬೇರೆ ಒಂದು ಪರೀಕ್ಷೆ ಇತ್ತು, ಆಗ ಅದಕ್ಕೆ ಪಿಎಬಿಟಿ ಅನ್ನುತ್ತಿದ್ದರು. ಈಗ ಕಂಪ್ಯೂಟರ್ ಮೇಲೆ ನಡೆಯುತ್ತೆ, ಹೆಸರು ಸಿಪಿಎಸ್‌ಎಸ್.

ಪರದೆಯ ಮೇಲೆ ಒಂದು ಚುಕ್ಕೆ. ಅದನ್ನು ನಡುವಿನ ಚೌಕದೊಳಗೆ ಹಿಡಿದಿಡಬೇಕು. ಅದೋ ಜಾತ್ರೆಯಲ್ಲಿ ಕೈ ಬಿಡಿಸಿಕೊಂಡ ಕೂಸಿನ ಹಾಗೆ ಓಡುತ್ತೆ. ಮೇಲೆ ಕೆಳಗೆ ತರೋದು ಕೈಯ ಸ್ಟಿಕ್‌ನಿಂದ, ಎಡ ಬಲ ತರೋದು ಕಾಲಿನ ಪೆಡಲ್‌ನಿಂದ. ನಡುವೆ ಕೆಂಪು ದೀಪ, ಹಸಿರು ದೀಪ ಹೊತ್ತಿಕೊಳ್ಳುತ್ತವೆ, ಬಜರ್ ಕೂಗುತ್ತೆ. ಅವನ್ನೂ ಎಡಗೈಯಿಂದ ಆರಿಸುತ್ತಿರಬೇಕು. ಮೊದಲು ಚೆನ್ನಾಗಿಯೇ ನಡೆಯಿತು. ಬಜರ್ ಕೂಗಿತು, ಎಡಗೈ ಅತ್ತ ಹೋಯಿತು, ನನ್ನ ಎರಡೂ ಕಾಲು ನಿಂತೇಬಿಟ್ಟವು. ಚುಕ್ಕೆ ಚೌಕದ ಹೊರಗೆ ಹೋಗಿ ಕೂತಿತು.

ಈ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಎನ್‌ಡಿಎಯಿಂದ ಬಾ, ಡಿಗ್ರಿ ಮುಗಿಸಿ ಬಾ, ಎರಡನೇ ಅವಕಾಶ ಇಲ್ಲ. ನನಗೆ ಆಗ 17 ದಾಟಿತ್ತಷ್ಟೇ. ಮೈಸೂರಿನಿಂದ ಗದಗಿನ ತನಕ ರೈಲಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಅವ್ವ ರೊಟ್ಟಿ ಬಡಿಯುತ್ತಾ ಅಂದಳು: ‘ಹತ್ತಾಕ ಆಗ್ಲಿಲ್ಲಂದ್ರ ಹೋಗ್ಲಿ ಬಿಡು. ಹಿಡಕೊಂಡು ನಿಂದ್ರಾಕರ ಕರೀತಾರೇನ ಕೇಳು.’ ಎತ್ತಿನ ಲೆಕ್ಕದಲ್ಲಿ ಹೇಳಿದ್ದಳು ಪಾಪ. ಆದರೆ ನಾನು ಕೇಳಿದೆ, ಕರೆದರು. 2002ರಲ್ಲಿ ಏರ್‌ಮನ್ ಆಗಿ ಸೇರಿದೆ. ಮೊದಲ ತರಬೇತಿ ಬೆಳಗಾವಿಯ ಸಾಂಬ್ರಾದಲ್ಲಿ, ಕೆಲಸ ಕಲಿತದ್ದು ಚೆನ್ನೈನ ತಾಂಬರಂನಲ್ಲಿ. ಆಮೇಲೆ ರಾಜಸ್ಥಾನದ ಒಂದು ನೆಲೆಯಲ್ಲಿ ಮಿಗ್-21.

ಮಿಗ್-21ರ ಎಂಜಿನ್ ತೆಗೆಯಬೇಕಾದರೆ ವಿಮಾನದ ಹಿಂದಿನ ಅರ್ಧ ಮೈಯನ್ನೇ ಕಳಚಿ ಎಳೆಯಬೇಕು. ಮೊದಲ ಸಲ ಹಾಗೆ ಕಳಚಿದಾಗ ಟಾರ್ಚ್ ಹಿಡಿದು ಎಂಜಿನ್ನಿನ ಬಾಯಿಯೊಳಗೆ ನೋಡಿದೆ. ಸಾಲಾಗಿ ನಿಂತ ಬ್ಲೇಡುಗಳು. ದುಂಡಗಿನ ಅಂಚು, ಚೂಪು ಅಂಚು, ಬುಡದಿಂದ ತುದಿಗೆ ಅದೇ ತಿರುಚು. ನಮ್ಮೂರ ತಿರುವಿನಲ್ಲಿ ಸಿಕ್ಕಿಕೊಂಡಿದ್ದ ರೆಕ್ಕೆ, ಅಂಗೈಯಷ್ಟಾಗಿ ಅಲ್ಲಿ ಕೂತಿತ್ತು! ತಿರುಗುವಾಗ ತುದಿ ಓಡೋ ವೇಗ ಬುಡಕ್ಕಿಂತ ಎಷ್ಟೋ ಜಾಸ್ತಿ. ಒಂದೇ ಕೋನ ಕೊಟ್ಟರೆ ಒಂದು ಕಡೆ ಗಾಳಿ ಸರಿಯಾಗಿ ಹಿಡಿಯುತ್ತೆ, ಇನ್ನೊಂದು ಕಡೆ ಕೈಕೊಡುತ್ತೆ. ಅದಕ್ಕೇ ತಿರುಚೋದು. ಆ ಡ್ರೈವರ್ ಹೇಳದ ಉತ್ತರ ಅಂತೂ ಸಿಕ್ಕಿತು.

ಆವತ್ತು ಗೊತ್ತಾಯಿತು, ನನ್ನ ಹುಚ್ಚು ಇದ್ದದ್ದೇ ಇಲ್ಲಿ ಅಂತ. ನಾನು ಅದನ್ನು ತಪ್ಪು ಬಾಗಿಲಿಗೆ ಒಯ್ದಿದ್ದೆ.

ದಿನದ ಕೆಲಸ ಯಾರಿಗೂ ಕಾಣೋದಲ್ಲ. ಬೆಳಗ್ಗೆ ಸಾಲಾಗಿ ನಿಂತು ನೆಲ ನೋಡುತ್ತಾ ನಡೆಯಬೇಕು, ಒಂದು ಕಲ್ಲಿನ ಚೂರು, ಒಂದು ಬೋಲ್ಟು ಬಿದ್ದಿದ್ದರೂ ಎತ್ತಬೇಕು. ಎಂಜಿನ್ ಅದನ್ನು ಎಳೆದುಕೊಂಡರೆ ಮುಗಿಯಿತು. ರಾಜಸ್ಥಾನದ ಮೇ ತಿಂಗಳಲ್ಲಿ ವಿಮಾನದ ಮೈ ರೊಟ್ಟಿ ಹಂಚಿನ ಹಾಗಿರುತ್ತೆ. ಮಿಗ್ ಇಳಿಯುವಾಗಲೂ ಗಂಟೆಗೆ 300 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿರುತ್ತಿತ್ತು, ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ನಿಧಾನವಾಗುತ್ತಿತ್ತು. ಕೊನೆಗೆ ಫಾರ್ಮ್ 700 ಅಂತ ಒಂದು ಪುಸ್ತಕ. ಎಂಜಿನ್‌ನವನು, ಬಾಡಿಯವನು, ಎಲೆಕ್ಟ್ರಿಕ್‌ನವನು ಎಲ್ಲರೂ ಸಹಿ ಹಾಕಬೇಕು, ಆಮೇಲೆ ಪೈಲಟ್ ಸಹಿ. ನನ್ನ ಸಹಿ ಇಲ್ಲದೆ ಅದು ಹಾರುತ್ತಿರಲಿಲ್ಲ. ಹಾರಿದ್ದು ವಾಪಸ್ ಬರೋ ತನಕ ನನಗೆ ನೀರು ಇಳಿಯುತ್ತಿರಲಿಲ್ಲ, ಅದೂ ನಿಜ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಕೊನೆಯ ವಿದಾಯ ಹೇಳಿದರು. ಬ್ಯಾಂಕಿನ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ನೋಡಿದೆ. ಕ್ಯಾಶಿಯರ್ ‘ಯಾಕ್ರೀ ಸರ್, ಕಣ್ಣಾಗ ಏನ ಬಿತ್ತು’ ಅಂದ.

ಈಗ ನಿನ್ನ ವಿಷಯ. ಹಾರಿಸಲೇಬೇಕು ಅಂತಿದ್ದರೆ ಎನ್‌ಡಿಎ ನಿನಗೆ ಹತ್ತಿರದ ದಾರಿ. ವರ್ಷಕ್ಕೆ ಎರಡು ಸಲ ಪರೀಕ್ಷೆ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. ಎರಡನೇ ವರ್ಷ ಓದುತ್ತಿರುವಾಗಲೇ ಬರೆಯಬಹುದು. ಆಯ್ಕೆಯಾದರೆ ಪುಣೆ ಹತ್ತಿರದ ಖಡಕ್‌ವಾಸ್ಲಾ, ಆಮೇಲೆ ಹೈದರಾಬಾದ್ ಹತ್ತಿರದ ದುಂಡಿಗಲ್. ತರಬೇತಿಯ ಖರ್ಚೆಲ್ಲ ಸರ್ಕಾರದ್ದು. ಮೂರು ಎಕರೆ ಹೊಲಕ್ಕೆ ಕೈ ಹಚ್ಚಬೇಕಾಗಿಲ್ಲ. ಫೈಟರ್‌ಗೆ ಆರಿಸಿದವರು ಹಾಕ್ ಅನ್ನೋ ತರಬೇತಿ ವಿಮಾನ ಕಲಿಯೋದು ನಮ್ಮ ಬೀದರಿನಲ್ಲಿ. ಎನ್‌ಡಿಎ ತಪ್ಪಿದರೆ ಡಿಗ್ರಿ ಮುಗಿಸಿ ವಾಯುಸೇನೆಯದೇ ಪರೀಕ್ಷೆ ಎಎಫ್‌ಕ್ಯಾಟ್ ಬರೆಯಬಹುದು, 20ರಿಂದ 24 ವಯಸ್ಸಿನೊಳಗೆ.

ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷ್‌ನಲ್ಲಷ್ಟೇ ಇರುತ್ತೆ, ಕನ್ನಡದಲ್ಲಿ ಇಲ್ಲ. ಇಂಗ್ಲಿಷಿಗೇ 200 ಅಂಕ. ಎಸ್‌ಎಸ್‌ಬಿಯ ಚರ್ಚೆಯಲ್ಲಿ ನಾನು ಹತ್ತು ನಿಮಿಷ ಬಾಯಿ ಬಿಡದೆ ಕೂತಿದ್ದೆ. ವಿಷಯ ಗೊತ್ತಿತ್ತು, ಇಂಗ್ಲಿಷ್ ವಾಕ್ಯ ಕಟ್ಟೋ ಹೊತ್ತಿಗೆ ಮಾತು ಮುಂದೆ ಹೋಗಿರುತ್ತಿತ್ತು. ನಿನಗೆ ಒಂದು ಅನುಕೂಲ ಇದೆ, ಕೇಳೋಕೆ ತಂಗಿ ಇದ್ದಾಳೆ. ತೇಜಸ್‌ನ ಬಾಲಕ್ಕೆ ಅಡ್ಡ ರೆಕ್ಕೆ ಯಾಕಿಲ್ಲ ಅಂತ ದಿನಾ ಸಂಜೆ ಅವಳಿಗೆ ಇಂಗ್ಲಿಷಿನಲ್ಲಿ ಹೇಳು. ತಪ್ಪಾಗಲಿ. ಅವಳೇನು ಅಂಕ ಕಳೆಯಲ್ಲ, ಅಲ್ವಾ? ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್ ಬೇಕಾದಷ್ಟಿವೆ. ಗಣಿತಕ್ಕೆ ಉಪಯೋಗ ಆಗಬಹುದು. ಮಾತು ಮಾತ್ರ ನೀನೇ ಆಡಿ ಆಡಿ ಬರಬೇಕು.

ಕಣ್ಣಿನ ಮಾತು. ದೂರದ್ದು ಮಸುಕಾಗಿ ಕನ್ನಡಕ ಬಂದಿದ್ದರೆ ಎನ್‌ಡಿಎಯಿಂದ ಪೈಲಟ್ ಆಗೋ ಆಸೆ ಬಿಡು. ಲೇಸರ್ ಆಪರೇಷನ್ ಮಾಡಿಸಿಕೊಂಡರೂ ಅಲ್ಲಿ ಒಪ್ಪಲ್ಲ. ಬಣ್ಣ ಗುರುತಿಸೋದೂ ಸರಿಯಿರಬೇಕು. ಎತ್ತರ ಕನಿಷ್ಠ 162.5 ಸೆಂ.ಮೀ. ಕಾಲಿನ ಉದ್ದ, ತೊಡೆಯ ಉದ್ದವನ್ನೂ ಅಳೆಯುತ್ತಾರೆ. ತಮಾಷೆ ಅಲ್ಲ. ಅಪಾಯದಲ್ಲಿ ಸೀಟು ಸಮೇತ ಹೊರಗೆ ಹಾರುವಾಗ ಮೊಣಕಾಲು ಮುಂದಿನ ಪ್ಯಾನೆಲ್‌ಗೆ ಬಡಿಯಬಾರದಲ್ಲ. ಎರಡು ವರ್ಷ ಕೋಚಿಂಗ್ ಮುಗಿಸಿ, ಎಸ್‌ಎಸ್‌ಬಿ ಗೆದ್ದು, ಮೆಡಿಕಲ್‌ನಲ್ಲಿ ಹೊರಬಿದ್ದು ಅತ್ತ ಹುಡುಗರನ್ನು ಕಂಡಿದ್ದೇನೆ. ಅದಕ್ಕೇ ಮೊದಲು ಕಣ್ಣು ಅಂದದ್ದು.

ಕನ್ನಡಕ ಇದ್ದರೂ ಪ್ರಯಾಣಿಕರ ವಿಮಾನದ ಪೈಲಟ್ ಆಗಬಹುದು. ಆದರೆ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಖರ್ಚು ಅರ್ಧ ಕೋಟಿಯ ಆಸುಪಾಸು. ಹೊಲ ಮಾರಿ ಈ ಕೆಲಸಕ್ಕೆ ಇಳಿಯಬೇಡ. ಬೇರೆಯವರು ಏನೇ ಹೇಳಲಿ, ನಾನಂತೂ ಬೇಡ ಅಂತೀನಿ. ‘ಏವಿಯೇಷನ್ ಡಿಪ್ಲೊಮಾ’ ಬೋರ್ಡು ಕಂಡರೂ ಹುಷಾರು. ನಮ್ಮ ಅಕ್ಕನ ಮಗ ಅಂಥದೊಂದು ಕಡೆ 80 ಸಾವಿರ ಕಟ್ಟಿದ. ವರ್ಷ ಮುಗಿದ ಮೇಲೆ ಕೈಗೆ ಬಂದದ್ದು ಫ್ರೇಮ್ ಹಾಕಿಸೋಕಷ್ಟೇ ಬರೋ ಒಂದು ಸರ್ಟಿಫಿಕೇಟ್. ವಿಮಾನ ರಿಪೇರಿಯ ಕೋರ್ಸ್ ಆದರೆ ವಿಮಾನಯಾನ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆ ಡಿಜಿಸಿಎಯ ಮಾನ್ಯತೆ ಇದೆಯಾ ಅಂತ ಡಿಜಿಸಿಎ ವೆಬ್‌ಸೈಟಿನಲ್ಲೇ ನೋಡು, ಅವರ ಬ್ರೋಷರ್ ನಂಬಬೇಡ.

ನಾನು ಹೋದ ದಾರಿ ಈಗ ಹಾಗೇ ಉಳಿದಿಲ್ಲ. 2022ರಿಂದ ಅಗ್ನಿವೀರ್ ಬಂದಿದೆ. ನಾಲ್ಕು ವರ್ಷ ಸೇವೆ, ಆಮೇಲೆ ನೂರಕ್ಕೆ 25 ಜನರನ್ನಷ್ಟೇ ಉಳಿಸಿಕೊಳ್ಳುತ್ತಾರೆ. ತರಬೇತಿ ಈಗಲೂ ಸಾಂಬ್ರಾದಲ್ಲೇ. ನನ್ನ 20 ವರ್ಷ ನೋಡಿ ನಿನಗೂ ಹಾಗೇ ಆಗುತ್ತೆ ಅಂದುಕೊಳ್ಳಬೇಡ.

ಹುಚ್ಚು ಯಂತ್ರದ ಮೇಲೆ ಇದ್ದರೆ ಎಂಜಿನಿಯರಿಂಗ್ ಮಾಡು. ಏರೋನಾಟಿಕಲ್ಲೇ ಬೇಕು ಅಂತ ಹಠ ಬೇಡ. ಹುಬ್ಬಳ್ಳಿ ಧಾರವಾಡದಲ್ಲೇ ಒಳ್ಳೆ ಕಾಲೇಜುಗಳಿವೆ, ಮೆಕ್ಯಾನಿಕಲ್ ಸಾಕು. ವಿಮಾನ, ಎಂಜಿನ್ ರೂಪಿಸೋ, ತಯಾರಿಸೋ ಸರ್ಕಾರಿ ಸಂಸ್ಥೆಗಳಾದ ಎಚ್‌ಎಎಲ್, ಎಡಿಎ, ಎನ್‌ಎಎಲ್, ಜಿಟಿಆರ್‌ಇ ಎಲ್ಲ ಬೆಂಗಳೂರಿನಲ್ಲೇ ಇವೆ. 2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ತೇಜಸ್‌ಗೆ ಆರ್ಡರ್ ಆಗಿದೆ. ಆದರೆ ತೇಜಸ್ಸಿನ ಎಂಜಿನ್ ಅಮೆರಿಕದ್ದು. ನಮ್ಮ ಕಾವೇರಿ ಎಂಜಿನ್ ಎಷ್ಟೋ ವರ್ಷ ದುಡಿದರೂ ಅದಕ್ಕೆ ಕೂರಲಿಲ್ಲ. ಕಷ್ಟ ಎಲ್ಲಿ ಗೊತ್ತಾ? ಟರ್ಬೈನ್ ಬ್ಲೇಡ್ ಮೇಲೆ ಹಾಯೋ ಗಾಳಿ ಆ ಲೋಹ ಕರಗೋ ಬಿಸಿಗಿಂತ ಜಾಸ್ತಿ ಬಿಸಿ ಇರುತ್ತೆ. ಬ್ಲೇಡಿನೊಳಗೆ ಸಣ್ಣ ಸಣ್ಣ ತೂತು ಕೊರೆದು ತಣ್ಣನೆ ಗಾಳಿ ಹರಿಸಿ ಅದನ್ನು ಉಳಿಸುತ್ತಾರೆ. ಮಣ್ಣಿನ ಗಡಿಗೆಯ ತೂತಿನಿಂದ ನೀರು ಜಿನುಗಿ ಒಳಗೆ ತಂಪಾಗುತ್ತಲ್ಲ, ಹೆಚ್ಚು ಕಡಿಮೆ ಹಾಗೆ ಅಂತ ನಾನು ಹೇಳಿದರೆ ಎಂಜಿನಿಯರ್‌ಗಳು ಬೈಯುತ್ತಾರೆ, ಇರಲಿ. ಈ ಬ್ಲೇಡ್ ಮಾಡೋ ಹುಡುಗರು ನಮ್ಮ ದೇಶಕ್ಕೆ ಪೈಲಟ್‌ಗಳಷ್ಟೇ ಬೇಕು.

ತಂಗಿಗೆ ನಿನಗಿಂತ ಟೈಮ್ ಇದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ, ಆರನೇ ಕ್ಲಾಸಿಗೆ ಪ್ರವೇಶ ಪರೀಕ್ಷೆ. ಈ ವರ್ಷವೇ ವಿಚಾರಿಸು. 2022ರಿಂದ ಎನ್‌ಡಿಎಯಲ್ಲೂ ಹುಡುಗಿಯರಿದ್ದಾರೆ. ಚಿಕ್ಕಮಗಳೂರು ಕಡೆಯ ಮೇಘನಾ ಶಾನಭಾಗ್ 2018ರಲ್ಲೇ ಫೈಟರ್ ಪೈಲಟ್ ಆಗಿದ್ದಾರೆ.

ಅಪಾಯದ ಬಗ್ಗೆ ಮನೆಯಲ್ಲಿ ಕೇಳುತ್ತಾರೆ, ಸುಳ್ಳು ಹೇಳಬೇಡ. 2025ರ ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಪೈಲಟ್ ತೀರಿಕೊಂಡರು. ನಾನು ಸಹಿ ಹಾಕಿದ ಪುಟದಲ್ಲಿ ಸಹಿ ಹಾಕಿ ಹೋದವರೊಬ್ಬರು ಇನ್ನೊಂದು ದಿನ ಇನ್ನೊಂದು ವಿಮಾನದಲ್ಲಿ ವಾಪಸ್ ಬರಲಿಲ್ಲ. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಕೊನೆಗೆ, ನಿನ್ನ ಹುಚ್ಚು ಎಲ್ಲಿದೆ ಅಂತ ಮೊಬೈಲಿನಲ್ಲಿ ಗೊತ್ತಾಗಲ್ಲ, ಮುಟ್ಟಬೇಕು. ಬೆಂಗಳೂರಿನ ಏರ್ ಶೋಗೆ ಕಾಯೋದು ಬೇಡ. ಹುಬ್ಬಳ್ಳಿಯಿಂದ ವಾಸ್ಕೋ ರೈಲು ಹತ್ತು. ದಾಬೋಲಿಂ ಹತ್ತಿರ ಬೊಗ್ಮಾಳೊದಲ್ಲಿ ನೌಕಾಪಡೆಯ ವಿಮಾನ ಮ್ಯೂಸಿಯಂ ಇದೆ. ನಿಂತಲ್ಲಿಂದಲೇ ಮೇಲೇಳುತ್ತಿದ್ದ ಸೀ ಹ್ಯಾರಿಯರ್ ಅಲ್ಲಿದೆ. ಅದೇ ದಾಬೋಲಿಂ ನೆಲೆಯಲ್ಲಿ ಮಿಗ್-29ಕೆ ಇವೆ, ಅದೃಷ್ಟ ಇದ್ದರೆ ತಲೆ ಮೇಲೆ ಹೋಗುತ್ತವೆ. ತಂಗಿಯನ್ನೂ ಕರೆದುಕೊಂಡು ಹೋಗು. ಕಾಕ್‌ಪಿಟ್ ಹತ್ತಿರ ಕಾಲು ನಿಲ್ಲುತ್ತಾ, ಹ್ಯಾರಿಯರ್‌ನ ಹೊಟ್ಟೆ ಪಕ್ಕದ ಆ ನಾಲ್ಕು ನಳಿಗೆ ಹೇಗೆ ತಿರುಗುತ್ತವೆ ಅಂತ ಬಗ್ಗಿ ನೋಡುತ್ತೀಯಾ, ಗಮನಿಸು.

ಅದಕ್ಕೂ ಮೊದಲು ಕಣ್ಣು ತೋರಿಸಿಕೊಂಡು ಬಾ. ಡಾಕ್ಟರ್ ಏನು ನಂಬರ್ ಬರೆದರು ಅಂತ ಇಲ್ಲೇ ಕೆಳಗೆ ಹಾಕು, ಮುಂದಿನದು ಆಮೇಲೆ ಮಾತಾಡೋಣ.